ಮರಿಗೆ ಎಂದು ಬೈಸಿಕೊಂಡ ದೋಣಿ

"ಇದು ದೋಣಿಯೇನೋ ಪರಮ? ನನ್ನ ಕಣ್ಣಿಗೆ ಎಮ್ಮೆಗೆ ಹಿಂಡಿ ಕಲಸುವ ಮರಿಗೆ ಹಾಗೆ ಕಾಣ್ತದೆ!"

"ಬಾಯಿಗೆ ಬಂದ ಹಾಗೆ ಮಾತಾಡಬೇಡ ಹಮ್ಮಣ್ಣ. ಮರ ಆರಿಸಿ ತಂದವನು ನೀನು. ಒಳಗೆಲ್ಲ ಪೊಟರೆ. ಪೊಟರೆ ಕೆರೀತಾ ಹೋದ್ರೆ ಹೊಟ್ಟೆ ಅಗಲ ಆಗದೆ ಇನ್ನೆಂತ ಆಗ್ತದೆ? ನಿನಗೆ ತೆಳ್ಳಗೇ ಬೇಕಾದ್ರೆ ಬಾಳೆದಿಂಡು ತಂದುಕೊಡು, ಕೆತ್ತಿಕೊಡ್ತೇನೆ."

"ಇದನ್ನು ನಡೆಸೋದಕ್ಕೆ ಕೋಣ ಕಟ್ಟಬೇಕು!"

"ಕಟ್ಟು. ನೀನೇ ಇದ್ದೀಯಲ್ಲ."

ನಾನು ಒಂದು ದೋಣಿ. ಒಂದೇ ಮಾವಿನ ದಿಮ್ಮಿಯಲ್ಲಿ ಕೆತ್ತಿದ ದೋಣಿ. ಭೂಮಿಗೆ ಬಂದ ಗಳಿಗೆಯಲ್ಲಿ ನನ್ನ ಕಿವಿಗೆ ಬಿದ್ದ ಮೊದಲ ಮಾತುಗಳು ಇವು. ಮನುಷ್ಯರ ಮಕ್ಕಳಿಗೆ ಜೇನುತುಪ್ಪ ನೆಕ್ಕಿಸುತ್ತಾರೆ, ನನಗೆ ಬೈಗುಳ ನೆಕ್ಕಿಸಿದರು. ಈ ದೋಣಿಗೆ ಸಿಟ್ಟು ಜಾಸ್ತಿ ಎಂದು ನಿಮಗೆ ಅನ್ನಿಸಿದರೆ ಇದನ್ನು ನೆನಪಿಟ್ಟುಕೊಳ್ಳಿ.

ಪರಮ ಆಚಾರಿ ಒಳ್ಳೆಯ ಕೆಲಸಗಾರ. ನನ್ನೊಳಗೆ ಬೆಂಕಿ ಹಾಕಿ, ನೀರು ಹೊಯ್ದು, ಬಾಚಿಯಿಂದ ಕೆತ್ತಿ, ಗೇರುಸಿಪ್ಪೆಯ ಎಣ್ಣೆ ಬಳಿದು ಕರ್ರಗೆ ಮಿಂಚುವ ಹಾಗೆ ಮಾಡಿದ್ದ. ಹಮ್ಮಣ್ಣ ಅಂಬಿಗನಿಗೆ ಬೇಕಾಗಿದ್ದದ್ದು ಬಾಣದ ಹಾಗೆ ಹೋಗುವ ದೋಣಿ. ಸಿಕ್ಕಿದ್ದು ನಾನು. ಮಳೆಗಾಲ ಹತ್ತಿರ ಬಂದಿತ್ತು, ಬೇರೆ ಮರ ಹುಡುಕುವ ಪುರಸೊತ್ತು ಇರಲಿಲ್ಲ. ಗೊಣಗುತ್ತಲೇ ನನ್ನನ್ನು ಜನ ಹೊಳೆ ದಾಟುವ ಹುಳಸೆಕಟ್ಟೆ ಕಡವಿಗೆ ಎಳೆದು ತಂದ. ಅಂದಿನಿಂದ ನನ್ನ ಹೆಸರು ಮರಿಗೆ.

ನನ್ನ ನಡೆ ನಿಧಾನ, ಒಪ್ಪುತ್ತೇನೆ. ಆದರೆ ನಾನು ಯಾರನ್ನೂ ಬೀಳಿಸಲಿಲ್ಲ. ಹಮ್ಮಣ್ಣನಿಗೆ ಇದು ತಿಳಿಯಲು ಒಂದು ಮಳೆಗಾಲ ಬೇಕಾಯಿತು. ನೀರಿಗೆ ಹೆದರುವ ಮುದುಕಿಯರು, ಬಾಣಂತಿಯರು, ಹಗ್ಗ ಜಗ್ಗುವ ಕರು ಹಿಡಿದವರು, ಕುಡಿದು ನಿಲ್ಲಲಾಗದ ಗಂಡಸರು, ಎಲ್ಲರೂ ಕಡವಿನಲ್ಲಿ ನಿಂತು ಕೇಳುತ್ತಿದ್ದದ್ದು ಒಂದೇ ಮಾತು: "ಮರಿಗೆ ಬರ್ಲಿ." ತೆಳ್ಳಗಿನ ದೋಣಿಗಳು ಖಾಲಿ ನಿಲ್ಲುತ್ತಿದ್ದವು. ನನಗೆ ಆಗ ಆಗುತ್ತಿದ್ದ ಸಂತೋಷವನ್ನು ಮುಚ್ಚಿಡುವುದಿಲ್ಲ.

ಹಮ್ಮಣ್ಣನಿಗೆ ಇಬ್ಬರು ಮಕ್ಕಳು. ಮಗ ಜಟ್ಟಪ್ಪ, ಮಗಳು ಶೇವಂತಿ. ದೋಣಿಯವರು ಮನುಷ್ಯರನ್ನು ಮುಖದಿಂದ ಗುರುತಿಸುತ್ತಾರೋ ಏನೋ, ದೋಣಿ ಗುರುತಿಸುವುದು ಪಾದದಿಂದ. ಜಟ್ಟಪ್ಪ ಹತ್ತಿದರೆ ದಬಕ್ಕನೆ ಹಿಮ್ಮಡಿ ಊರುತ್ತಿದ್ದ. ಶೇವಂತಿ ಮೊದಲು ಬೆರಳು ಇಟ್ಟು, ನಾನು ಸಾವರಿಸಿಕೊಂಡ ಮೇಲೆ ಹಿಮ್ಮಡಿ ಇಡುತ್ತಿದ್ದಳು. ಯಾರೂ ಅವಳಿಗೆ ಅದನ್ನು ಹೇಳಿಕೊಟ್ಟಿರಲಿಲ್ಲ. ಆದರೂ ಹಿಂದೆ ಕೂತು ದಿಕ್ಕು ಹಿಡಿಯುವ ಹುಟ್ಟು ಕೊಟ್ಟದ್ದು ಜಟ್ಟಪ್ಪನಿಗೆ. ಆ ಮನೆಯಲ್ಲಿ ಹಿಂದಿನ ಹುಟ್ಟು ಗಂಡಸರದ್ದು. ಹೆಂಗಸರು ನಡುವೆ ಕೂರಬೇಕು, ಗಂಟುಮೂಟೆ ತೊಡೆಯ ಮೇಲೆ ಇಟ್ಟುಕೊಳ್ಳಬೇಕು. ಶೇವಂತಿ ಹಾಗೇ ಕೂತಳು, ಹಾಗೇ ಕೂತು ಮದುವೆಯಾಗಿ ಹೋದಳು. ಅವಳನ್ನು ಗಂಡನ ಮನೆಗೆ ದಾಟಿಸಿದ್ದೂ ನಾನೇ.

ಆಮೇಲೆ ಸೇತುವೆ ಬಂತು. ಹಮ್ಮಣ್ಣ ನನ್ನನ್ನು ಪಾಂಡು ಶೆಟ್ಟರಿಗೆ ಕೊಟ್ಟ. ಆ ಕಾಲದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಹೇಳಿದರೆ ಬಾಯಲ್ಲಿ ಕೆಟ್ಟ ಮಾತು ಬರುತ್ತದೆ. ಶೆಟ್ಟರು ನನ್ನನ್ನು ಹಿತ್ತಿಲಲ್ಲಿ ಬೋರಲು ಹಾಕಿ ಒಂದು ಬದಿಗೆ ಕಲ್ಲು ಕೊಟ್ಟು ಕೋಳಿಗೂಡು ಮಾಡಿದರು. ಹೊಳೆಯ ಮೇಲೆ ಮದುಮಗಳನ್ನು ಹೊತ್ತ ದೋಣಿಯ ಒಳಗೆ ಕೋಳಿಗಳು ಕಾವು ಕೂತವು. ಒಂದು ಹೇಂಟೆಗಂತೂ ನನ್ನ ಮೂತಿಯೇ ಬೇಕಿತ್ತು, ಬೇರೆಲ್ಲೂ ಮೊಟ್ಟೆ ಇಡುತ್ತಿರಲಿಲ್ಲ. ಶೆಟ್ಟರ ಹೆಂಡತಿ ದಿನಾ ಬೆಳಿಗ್ಗೆ ಕೈ ಹಾಕಿ ನನ್ನ ಹೊಟ್ಟೆ ತಡಕುತ್ತಿದ್ದಳು.

ಹಮ್ಮಣ್ಣ ತೀರಿಕೊಂಡ ಮೇಲೆ ಜಟ್ಟಪ್ಪ ಶೆಟ್ಟರ ಮನೆ ಮಾಡಿಗೆ ಹಂಚು ಹೊದಿಸಿಕೊಟ್ಟು, ಅದರ ಬದಲು ನನ್ನನ್ನು ಬಿಡಿಸಿ ತಂದ. ಅಪ್ಪನ ದೋಣಿ ಕೋಳಿಗೂಡಾಗಿದೆ ಎಂದು ಊರವರು ಆಡಿಕೊಂಡಿದ್ದು ಅವನಿಗೆ ತಾಗಿತ್ತು. ತಂದವನು ನನಗೆ ಎಣ್ಣೆ ಕೊಟ್ಟು, ಕಡವಿನಲ್ಲಿ ಹೊಂಗೆ ಮರದ ಕೆಳಗೆ ಬೋರಲು ಹಾಕಿದ. ಆಚೆ ದಡದಿಂದ ಹುಲ್ಲು ತರುವಾಗ ಮಾತ್ರ ನೀರಿಗೆ ಇಳಿಸುತ್ತಿದ್ದ.

ಅಷ್ಟರಲ್ಲಿ ಶೇವಂತಿಯೂ ತಿರುಗಿ ಬಂದಿದ್ದಳು. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ, ಅಣ್ಣನ ಮನೆಯಲ್ಲಿ ಇದ್ದಳು. ಊರ ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಕೆಲಸ. ಜೊತೆಗೆ ಬೇಯಿಸುವವಳು ರಾಜೀವಿ. ಇವಳ ದನಿಗೆ ಆಚೆ ದಡದ ಕೊಕ್ಕರೆ ಹಾರುತ್ತಿತ್ತು. ಶಾಲೆ ಬಿಟ್ಟ ಮೇಲೆ ಇಬ್ಬರೂ ಬಂದು ನನ್ನ ಬೆನ್ನ ಮೇಲೆ ಕೂರುತ್ತಿದ್ದರು. ಕೆಲವು ಸಲ ಶಾಲೆಯಲ್ಲಿ ಪಾಠ ಹೇಳುವ ವತ್ಸಲಾ ಅಕ್ಕೋರೂ ಬರುತ್ತಿದ್ದರು. ಅಕ್ಕೋರು ಬಯಲುಸೀಮೆಯಿಂದ ಬಂದವರು, ನೀರೆಂದರೆ ಎದೆ ಬಡಿದುಕೊಳ್ಳುತ್ತಿತ್ತು. ಕೂರುವಾಗಲೂ ಹೊಳೆಗೆ ಬೆನ್ನು ಹಾಕಿ ಕೂರುತ್ತಿದ್ದರು.

ದೀಪಾವಳಿ ಕಳೆದ ಮೇಲೆ ಒಂದು ಸಂಜೆ ರಾಜೀವಿ ಶುರು ಮಾಡಿದಳು. "ಎಲ್ಲೆಲ್ಲಿಯವರೋ ಬಂದು ಮೇಲಿನ ಹೊಳೆಯಲ್ಲಿ ದೋಣಿ ಬಿಡ್ತಾರೆ, ದಂಡೆ ಮೇಲೆ ಡೇರೆ ಹಾಕಿ ಮಲಗ್ತಾರೆ. ನಾವು ಇಲ್ಲೇ ಇದ್ದು ಎಂತ ಕಂಡಿದ್ದೇವೆ? ಶಾಲೆ ಒಲೆ ಕಂಡಿದ್ದೇವೆ."

"ಹೋಗೋಣ ಹಾಗಾದ್ರೆ," ಅಂದಳು ಶೇವಂತಿ.

"ಯಾರು ಕರ್ಕೊಂಡು ಹೋಗೋದು? ನಿನ್ನ ಅಣ್ಣನಾ? ಅವನ ಮೋರೆ ನೋಡ್ತಾ ಹೋಗೋದಕ್ಕಿಂತ ಒಲೆಯೇ ವಾಸಿ."

"ನಾನು ಕರ್ಕೊಂಡು ಹೋಗ್ತೇನೆ. ಹಿಂದಿನ ಹುಟ್ಟು ನಾನು ಹಿಡೀತೇನೆ."

ಅವತ್ತು ಅಕ್ಕೋರೂ ಬಂದು ನನ್ನ ಬೆನ್ನ ಮೇಲೆ ಕೂತಿದ್ದರು. ಮೆಲ್ಲಗೆ ಕೇಳಿದರು, "ನನ್ನಂಥವಳು ಬರಬಹುದಾ?"

"ನಿಮ್ಮಂಥವರಿಗೇ ಇದು, ಅಕ್ಕೋರೇ. ಗೊತ್ತಿದ್ದವರಿಗೆ ಎಂತಕ್ಕೆ?" ಅಂದಳು ಶೇವಂತಿ.

ಮರುದಿನ ಶೇವಂತಿ ಶಾಲೆಯ ಒಲೆಯಿಂದ ಇದ್ದಿಲು ತಂದು ನನ್ನ ಬೆನ್ನ ಮೇಲೆ ಹೊಳೆ ಬರೆದಳು. ಕಚಗುಳಿಯಾಯಿತು, ತಡೆದುಕೊಂಡೆ. "ಇಲ್ಲಿ ನಾವು. ಇದು ಕರಿಕಲ್ಲ ಮಡು. ಆಳ ಇದೆ, ಆದ್ರೆ ನಿಂತ ನೀರು, ಹೆದರಿಕೆ ಇಲ್ಲ. ಇಲ್ಲಿ ಜಲ್ಲಿ ಹಾಸು, ಮೊಣಕಾಲು ನೀರು, ಎಲ್ಲರೂ ಇಳಿದು ದೋಣಿ ಎಳೀಬೇಕು. ಅದರಾಚೆ ಮರಳದಿಣ್ಣೆ, ರಾತ್ರಿ ಅಲ್ಲಿ ವಸ್ತಿ."

"ಕೆಳಗೆ ಹೋದ್ರೆ ಸುಲಭ ಅಲ್ವೇನೇ? ನೀರೇ ಎಳೀತದೆ," ಅಂದಳು ರಾಜೀವಿ.

"ಬರುವಾಗ ಯಾರು ಎಳೀತಾರೆ, ನಿನ್ನ ಅತ್ತೆಯಾ? ಹೊಸಬರು ಮೊದಲು ಮೇಲೆ ಹೋಗಬೇಕು. ಹೋಗುವಾಗ ತೋಳಿನಲ್ಲಿ ಕಸು ಇರ್ತದೆ. ಸುಸ್ತಾದ ಮೇಲೆ ಹೊಳೆಯೇ ಮನೆಗೆ ತಂದು ಬಿಡ್ತದೆ. ನಡುವೆ ಸಾಕು ಅನ್ನಿಸಿದ್ರೂ ಹುಟ್ಟು ಎತ್ತಿ ಇಟ್ರೆ ಆಯ್ತು."

ನಾನು ಎಷ್ಟು ವರ್ಷ ಹೊಳೆಯ ಮೇಲೆ ಇದ್ದೆ, ಇಷ್ಟು ಚಂದದ ಮಾತು ಯಾವ ಅಂಬಿಗನ ಬಾಯಲ್ಲೂ ಕೇಳಿರಲಿಲ್ಲ.

ಆಮೇಲಿನ ಸಂಜೆಗಳೆಲ್ಲ ತಯಾರಿ. ಅಕ್ಕೋರು ಅರಣ್ಯ ಕಚೇರಿಗೆ ಹೋಗಿ ಮರಳದಿಣ್ಣೆಯ ಮೇಲೆ ಉಳಿಯಲು ಒಪ್ಪಿಗೆ ತಂದರು. ಒಲೆ ಹೂಡುವುದಾದರೆ ಮರಳ ಮೇಲೇ ಹೂಡಬೇಕು, ಕಾಡಿನ ಒಳಗೆ ಬೆಂಕಿ ಕೂಡದು ಎಂದು ಗಾರ್ಡು ಹೇಳಿ ಕಳಿಸಿದ್ದ. ತೇಲುವ ಅಂಗಿಗಳನ್ನೂ ಅಲ್ಲಿಂದಲೇ ಎರವಲು ತಂದರು. ರಾಜೀವಿ ಅದನ್ನು ಸೀರೆಯ ಮೇಲೆ ಹಾಕಿಕೊಂಡು "ನಾನು ಹತ್ತಿ ಮೂಟೆ ಆದೆ" ಎಂದು ಕುಣಿದಳು. ಬಟ್ಟೆ ಕಂಬಳಿಗಳಿಗೆ ಬಿಗಿ ಮುಚ್ಚಳದ ಹಾಲಿನ ಕ್ಯಾನು. ಮೊದಲು ಕಡವಿನ ನಿಂತ ನೀರಿನಲ್ಲೇ ಕೂರುವುದು, ಏಳುವುದು, ಹುಟ್ಟು ಹಾಕುವುದು ಎಲ್ಲ ಶೇವಂತಿ ಕಲಿಸಿದಳು. "ಎದ್ದು ನಿಲ್ಲಬೇಡಿ. ಮಿಂಚುಳ್ಳಿ ಕಂಡ್ರೆ ಎಲ್ಲರೂ ಒಂದೇ ಬದಿಗೆ ವಾಲಬೇಡಿ. ಒಬ್ಬೊಬ್ಬರಾಗಿ ನೋಡಿ, ಅದು ಎಲ್ಲಿಗೂ ಹೋಗೋದಿಲ್ಲ." ಒಂದು ದಿನ ಸೊಂಟದ ನೀರಿನಲ್ಲಿ ನನ್ನನ್ನು ಬೇಕೆಂದೇ ಮಗುಚಿ, ಮಗುಚಿದ ದೋಣಿಯನ್ನು ಹಿಡಿದು ತೇಲುವುದು ತೋರಿಸಿದಳು. ರಾಜೀವಿಯ ಕೂಗು ಕೇಳಿ ಊರೇ ಕಡವಿಗೆ ಬಂತು. ಅಕ್ಕೋರು ದಂಡೆಯಲ್ಲೇ ನಿಂತು ಎಲ್ಲ ನೋಡಿದರು. ಪಾದ ಮಾತ್ರ ಒದ್ದೆ ಮಾಡಿಕೊಂಡರು.

ಊರಿನ ಜೊತೆ ಜಟ್ಟಪ್ಪನೂ ಬಂದಿದ್ದ.

"ಎಂತದೇ ಇದು, ಮಂಗಾಟ? ಯಾರನ್ನು ಕೇಳಿ ದೋಣಿ ಇಳಿಸಿದ್ದು?"

"ನಿನ್ನನ್ನು ಕೇಳಿದ್ರೆ ಬೇಡ ಅಂತಿದ್ದೆ. ಅದಕ್ಕೆ ಕೇಳಲಿಲ್ಲ," ಅಂದಳು ಶೇವಂತಿ, ಒದ್ದೆ ಜಡೆ ಹಿಂಡುತ್ತಾ.

"ನಮ್ಮ ಮನೆ ಹೆಂಗಸರು ಹಿಂದೆ ಕೂತದ್ದುಂಟಾ? ಅವ್ವ ಕೂತಿದ್ಲಾ?"

"ಅವ್ವನಿಗೆ ಆಸೆ ಇತ್ತಾ ಅಂತ ನೀನು ಕೇಳಿದ್ಯಾ?"

ಅಕ್ಕೋರು ನಡುವೆ ಬಂದರು. "ನಾವೇ ಕೇಳಿಕೊಂಡಿದ್ದು, ಜಟ್ಟಪ್ಪನವರೇ. ಒಂದು ಸಲ ಹೋಗಿ ಬರ್ತೇವೆ."

ಅಕ್ಕೋರ ಎದುರು ಅವನು ದನಿ ಇಳಿಸಿದ. ಆದರೆ ಬೆರಳು ಇಳಿಸಲಿಲ್ಲ. "ಹೋಗ್ಲಿ. ಅಕ್ಕೋರ ಮಾತಿಗೆ ಬಿಡ್ತೇನೆ. ಆದ್ರೆ ಕೇಳಿಸ್ಕೋ ಶೇವಂತಿ, ದೋಣಿಯಿಂದ ಒಬ್ಬರು ಹೊಳೆಗೆ ಬಿದ್ರೂ ನೀನು ಮತ್ತೆ ಹುಟ್ಟು ಮುಟ್ಟೋ ಹಾಗಿಲ್ಲ. ಎಲ್ಲರನ್ನೂ ಸರಿಯಾಗಿ ತಂದ್ರೆ, ಆಮೇಲೆ ದೋಣಿ ನೀನೇ ನಡೆಸು. ನಾನು ಕೇಳೋದಿಲ್ಲ."

"ಊರೆದುರು ಹೇಳಿದ್ದೀ," ಅಂದಳು ಶೇವಂತಿ.

"ಹೇಳಿದ್ದೇನೆ."

ಹೊರಡುವ ಬೆಳಿಗ್ಗೆ ರಾಜೀವಿ ಬಂದಳು. ತಲೆಯ ಮೇಲೆ ಶಾಲೆಯ ದೊಡ್ಡ ಅಲ್ಯೂಮಿನಿಯಂ ಹಂಡೆ. ಹಿಂದೆ ಅವಳ ಗಂಡ ಅಕ್ಕಿಮೂಟೆ ಹೊತ್ತು ಏದುಸಿರು ಬಿಡುತ್ತಾ ಬಂದ.

"ಇದೆಂತದೇ?" ಅಂದಳು ಶೇವಂತಿ.

"ಊಟ ಬೇಡ್ವಾ?"

"ನಾವು ಮೂರೇ ಜನ."

"ಮೂರು ಜನಕ್ಕೆ ಎಷ್ಟು ಹಾಕೋದು ಅಂತ ನನ್ನ ಕೈಗೆ ಮರೆತು ಹೋಗಿದೆ, ಮಾರಾಯ್ತಿ. ಮನೇಲಿ ಅತ್ತೆ ಬೇಯಿಸ್ತಾರೆ. ನನ್ನದು ಶಾಲೆ ಕೈ."

ಶೇವಂತಿ ಹಂಡೆಯೊಳಗೆ ಇಣುಕಿದಳು. ಬೇಳೆ, ಮೆಣಸಿನಪುಡಿ, ತೆಂಗಿನಕಾಯಿ ರಾಶಿ. ಈಗ ಬೈಯುತ್ತಾಳೆ ಎಂದುಕೊಂಡೆ. ಅವಳು ಮನಸ್ಸಿನಲ್ಲೇ ಏನೋ ಲೆಕ್ಕ ಹಾಕಿ, "ಬೇಳೆ ಸ್ವಲ್ಪ ಕಮ್ಮಿ ಆಗ್ಲಿಕ್ಕಿಲ್ವಾ?" ಎಂದು ಮನೆಗೆ ಓಡಿ ಇನ್ನಷ್ಟು ಬೇಳೆ ತಂದಳು! ಅವಳದ್ದೂ ಶಾಲೆ ಕೈಯೇ. ನೀರಿನ ಬಗ್ಗೆ ಇಷ್ಟೆಲ್ಲ ಯೋಚನೆ ಮಾಡಿದ ಹೆಂಗಸಿಗೆ ಅಕ್ಕಿಯ ಬಗ್ಗೆ ಯೋಚನೆಯೇ ಬರಲಿಲ್ಲ. ನಾನು ಕಿರುಗುಟ್ಟಿದೆ. ಯಾರು ಕೇಳುತ್ತಾರೆ?

ಜಟ್ಟಪ್ಪ ಹೊಂಗೆ ಮರಕ್ಕೆ ಒರಗಿ ಕವಳ ಜಗಿಯುತ್ತಿದ್ದ. ನೀರು ನನ್ನ ಅಂಚಿಗೆ ಎಷ್ಟು ಹತ್ತಿರ ಬಂದಿದೆ ಎಂದು ಅವನಿಗೆ ಕಾಣುತ್ತಿತ್ತು. ಏನೂ ಹೇಳಲಿಲ್ಲ. ನಕ್ಕ. ಆ ನಗುವನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಕರಿಕಲ್ಲ ಮಡುವಿನಲ್ಲಿ ಎಲ್ಲ ಚಂದ. ಎರಡೂ ಕಡೆ ಕಾಡು ಬಗ್ಗಿ ನೀರಿನಲ್ಲಿ ಮುಖ ನೋಡಿಕೊಳ್ಳುತ್ತಿತ್ತು. ಶೇವಂತಿ ಹಿಂದೆ ಕೂತು ಹುಟ್ಟು ಹಾಕಿದಳು, ರಾಜೀವಿ ಮುಂದೆ ಕೂತು ನೀರು ಎರಚಿದಳು. ಅಕ್ಕೋರು ನಡುವೆ ನನ್ನ ಎರಡೂ ಅಂಚು ಹಿಡಿದು ಕಣ್ಣು ಮುಚ್ಚಿದ್ದರು. "ಮಿಂಚುಳ್ಳಿ, ಅಕ್ಕೋರೇ!" ಎಂದರೆ "ನೀವು ನೋಡಿ ಹೇಳಿ, ಸಾಕು" ಎನ್ನುತ್ತಿದ್ದರು.

ಜಲ್ಲಿ ಹಾಸು ಬಂತು. ಅಲ್ಲಿ ಹೊಳೆ ತೆಳ್ಳಗೆ, ಆದರೆ ಚುರುಕಾಗಿ ಹರಿಯುತ್ತದೆ. ಇಳಿದು ಎಳೆಯುವುದು ಎಂದು ಇದ್ದಿಲಿನಲ್ಲಿ ಬರೆದಿದ್ದು ಖಾಲಿ ದೋಣಿಯ ಲೆಕ್ಕದಲ್ಲಿ. ಇಳಿಯುವ ಮೊದಲೇ ನನ್ನ ಹೊಟ್ಟೆ ಕಲ್ಲಿಗೆ ಕೂತಿತು. ಮೂತಿಗೆ ಹರಿವು ಬಡಿದು ನಾನು ಅಡ್ಡ ತಿರುಗಿದೆ. ಮೇಲಿನ ಬದಿಯಿಂದ ನೀರು ಒಳಗೆ ಇಣುಕಿತು, ಆಮೇಲೆ ಬಂದೇ ಬಿಟ್ಟಿತು. ಇನ್ನು ಸ್ವಲ್ಪ ವಾಲಿದರೆ ಮೂವರೂ ಹೊಳೆಗೆ. ಶೇವಂತಿ ಹುಟ್ಟು ಹಿಡಿಯುವುದೂ ಅಲ್ಲಿಗೇ ಮುಗಿದ ಹಾಗೆ.

ಶೇವಂತಿ ಹಿಂದಿನಿಂದ ಇಳಿದು ನನ್ನ ಬದಿಗೆ ಹೆಗಲು ಕೊಟ್ಟಳು. "ರಾಜೀವಿ, ಇಳಿ! ನಿಧಾನ! ಹಂಡೆ ಎತ್ತಿ ಆಚೆ ಎಸಿ!"

"ಎಸೀಲಿಕ್ಕಾ? ಶಾಲೆ ಹಂಡೆ ಕಣೇ! ಹೆಡ್‌ಮಾಸ್ತರು ನನ್ನನ್ನೇ ಅದರಲ್ಲಿ ಬೇಯಿಸ್ತಾರೆ!"

"ಎಸಿ ಅಂದ್ರೆ ಎಸಿ, ಮುಂಡೇದೇ!"

"ಎಸೆಯೋದಿಲ್ಲ, ನಾನೂ ಹೋಗ್ತೇನೆ ಅದರ ಜೊತೆಗೆ!" ರಾಜೀವಿ ಇಳಿದು, ಮೊಣಕಾಲು ನೀರಿನಲ್ಲಿ ಹಂಡೆಯನ್ನು ಮಗುವಿನ ಹಾಗೆ ತಬ್ಬಿ ನಿಂತಳು.

ಆಗ ನಡುವಿನಿಂದ ಕಣ್ಣು ಮುಚ್ಚಿದ್ದ ಅಕ್ಕೋರು ಕೂಗಿದರು. "ಎಸೀಬೇಡಿ! ತೇಲಿಸಿ! ತೇಲಿಸಿ! ವರ್ಷಾ ವರ್ಷಾ ಬಕೆಟ್ ಇಟ್ಟು ನಾನೇ ಪಾಠ ಮಾಡ್ತೇನಲ್ಲ, ತೇಲೋದು ಮುಳುಗೋದು ಅಂತ!"

ಇಬ್ಬರೂ ಅವರನ್ನೇ ನೋಡಿದರು. ಅಕ್ಕೋರು ಕಣ್ಣು ತೆರೆದಿದ್ದರು. ನನ್ನ ಅಂಚು ಬಿಟ್ಟು, ಸೀರೆ ಎತ್ತಿಕಟ್ಟಿ, ಒಂದು ಪಾದ ಹೊಳೆಗೆ ಇಟ್ಟರು. ಇನ್ನೊಂದನ್ನೂ ಇಟ್ಟರು. ಹಂಡೆಯನ್ನು ನೀರಿಗೆ ಕೂರಿಸಿದರು. ಅದು ಬಾತುಕೋಳಿಯ ಹಾಗೆ ತೇಲಿತು! ಅಕ್ಕಿ ಮೂಟೆಯನ್ನೂ ಅದರೊಳಗೇ ಇಟ್ಟರು, ಆಗಲೂ ತೇಲಿತು. ನನ್ನ ಹೊಟ್ಟೆ ಕಲ್ಲು ಬಿಟ್ಟು ಎದ್ದಿತು. ಶೇವಂತಿ ನನ್ನನ್ನು ಎಳೆದಳು, ರಾಜೀವಿ ತಳ್ಳಿದಳು. ಅಕ್ಕೋರು ಹಂಡೆಯ ಕಂಠ ಹಿಡಿದು ಹಸುವನ್ನು ನಡೆಸುವ ಹಾಗೆ ಹೊಳೆಯ ನಡುವೆ ನಡೆದರು. ನಡೆಯುತ್ತಾ ನಡೆಯುತ್ತಾ ನಗಲು ಶುರು ಮಾಡಿದವರು ಮರಳದಿಣ್ಣೆ ಮುಟ್ಟುವ ತನಕ ನಿಲ್ಲಿಸಲಿಲ್ಲ. ಯಾರೂ ಬೀಳಲಿಲ್ಲ.

ದಿಣ್ಣೆಯ ಮೇಲೆ, ನೀರಿನ ಗುರುತಿಗಿಂತ ಎಷ್ಟೋ ಎತ್ತರದಲ್ಲಿ, ತಾಡಪಾಲಿನ ಡೇರೆ ಎದ್ದಿತು. ಮೂಟೆಯ ಬುಡ ನೆನೆದಿತ್ತು, ನೆನೆದ ಅಕ್ಕಿ ಇಡುವ ಹಾಗಿಲ್ಲ. ಹಾಗಾಗಿ ಎಲ್ಲವನ್ನೂ ಬೇಯಿಸಿದರು. ಶಾಲೆಯ ಹುಳಿಯ ಪರಿಮಳ ಕಾಡಿಗೆ ಹಬ್ಬಿತು. ಸ್ವಲ್ಪ ಹೊತ್ತಿಗೆ ಮರಗಳ ನಡುವಿನಿಂದ ಗೌಳಿ ಹೆಂಗಸೊಬ್ಬಳು ಕೋಲು ಹಿಡಿದು ಬಂದಳು. ಬಾಗೂಬಾಯಿ ಎಂದು ಹೆಸರು, ಎಮ್ಮೆ ಕಾಯುತ್ತಿದ್ದಳು. ಅವರು ವಾಡೆ ಎನ್ನುವ ಗೌಳಿಗರ ಕೇರಿ ಅಲ್ಲೇ ಮೇಲೆ.

"ಯಾರ ಮದುವೆ?" ಅಂದಳು ಹಂಡೆ ನೋಡಿ.

"ಮದುವೆ ಅಲ್ಲ ಬಾಯಿ, ಮೂರು ಜನರ ಊಟ," ಅಂದಳು ರಾಜೀವಿ.

ಬಾಗೂಬಾಯಿ ನಕ್ಕ ರಭಸಕ್ಕೆ ಕೋಲು ಬಿಟ್ಟಳು. ಅವಳು ಕೂಗು ಹಾಕಿದ್ದೇ ತಡ, ವಾಡೆಗೆ ವಾಡೆಯೇ ಇಳಿದು ಬಂತು. ಮಜ್ಜಿಗೆ ತಂದರು, ಮುತ್ತುಗದ ಎಲೆ ತಂದರು. ಮರಳ ಮೇಲೆ ಸಾಲಾಗಿ ಕೂತು ಉಂಡರು. ರಾಜೀವಿ ಸೌಟು ಹಿಡಿದು ಸಾಲಿನುದ್ದ ಓಡಾಡುತ್ತಾ "ಬೇಕಾ? ಹಾಕ್ಲಾ? ಚೆಲ್ಲಬೇಡಿ!" ಎನ್ನುತ್ತಿದ್ದಳು. ಅವಳ ಕೈಗೆ ಈಗ ಲೆಕ್ಕ ಸರಿ ಬಂದಿತ್ತು.

ಉಂಡ ಮೇಲೆ ಆ ಹೆಂಗಸರ ಕಣ್ಣು ನನ್ನ ಮೇಲೆ ಬಿತ್ತು. ಹೊಳೆ ಪಕ್ಕದಲ್ಲೇ ಇದ್ದರೂ ಅವರು ದೋಣಿ ಹತ್ತಿದವರಲ್ಲ. ನೀರು ಕಮ್ಮಿ ಇದ್ದಾಗ ಹಾಯುತ್ತಾರೆ, ಮಳೆಗಾಲದಲ್ಲಿ ದಾಟುವುದೇ ಇಲ್ಲ. ಶೇವಂತಿ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಸುತ್ತು ಹಾಕಿಸಿದಳು. "ಮೊದಲು ಬೆರಳು, ಆಮೇಲೆ ಹಿಮ್ಮಡಿ. ಹಾಂ, ಹಾಗೆ!" ಒಬ್ಬ ಅಜ್ಜಿ ಇಳಿಯಲು ಒಪ್ಪಲೇ ಇಲ್ಲ. ಇನ್ನೊಂದು ಸುತ್ತು, ಇನ್ನೊಂದು ಸುತ್ತು ಎಂದು ಹೊತ್ತು ಮುಳುಗಿಸಿದಳು. ನನ್ನ ಜನ್ಮದಲ್ಲಿ ಅಂಥ ಸಂಜೆ ಇನ್ನೊಂದಿಲ್ಲ.

"ಮಳೆ ಹಿಡಿದ್ರೆ ಮಕ್ಕಳಿಗೆ ಜ್ವರ ಬಂದ್ರೂ ಆಚೆ ಹೋಗ್ಲಿಕ್ಕಾಗೋದಿಲ್ಲ," ಅಂದಳು ಬಾಗೂಬಾಯಿ. "ನಮ್ಮ ಹಿತ್ತಿಲಿನ ಹಲಸಿನ ಮರ ಗಾಳಿಗೆ ಬಿದ್ದಿದೆ. ದೋಣಿ ಮಾಡ್ಬಹುದು. ನಡೆಸೋದು ಕಲಿಸುವವರಿಲ್ಲ. ನೀನು ಬಂದು ಇರ್ತೀಯಾ?"

"ಅಣ್ಣನ ಮನೆ ಉಂಟಲ್ಲ, ಬಾಯಿ," ಅಂದಳು ಶೇವಂತಿ.

ಮರುದಿನ ಶೇವಂತಿ ಹೇಳಿದ ಹಾಗೆಯೇ ಹೊಳೆ ನಮ್ಮನ್ನು ಎಳೆದು ತಂತು. ಖಾಲಿ ಹಂಡೆಯನ್ನು ರಾಜೀವಿ ಬಾರಿಸಿದಳು. ಅಕ್ಕೋರು ಮುಂದಿನ ಹುಟ್ಟು ಹಿಡಿದು ಕೂತರು, ಹೊಳೆಗೆ ಎದುರಾಗಿ. ಮಿಂಚುಳ್ಳಿಯನ್ನು ಎಲ್ಲರಿಗಿಂತ ಮೊದಲು ಕಂಡವರೂ ಅವರೇ.

ಈಗ ನನಗೆ ವಯಸ್ಸಾಗಿದೆ. ಬುಡದಲ್ಲಿ ಸೀಳು ಬಿದ್ದಿದೆ, ಅದರಲ್ಲಿ ಇರುವೆಗಳು ಸಂಸಾರ ಹೂಡಿವೆ. ಹೊಂಗೆ ಹೂವು ಬಿದ್ದರೆ ಬೆನ್ನು ಬೆಳ್ಳಗಾಗುತ್ತದೆ. ಜಟ್ಟಪ್ಪ ನನ್ನನ್ನು ನೀರಿಗೆ ಇಳಿಸಿ ಬಹಳ ಕಾಲವಾಯಿತು. ಅಗಲ ಹೊಟ್ಟೆ ಕೊಟ್ಟದ್ದಕ್ಕೆ ಪರಮ ಆಚಾರಿಯ ಮೇಲೆ ಒಂದು ಕಾಲದಲ್ಲಿ ನನಗೂ ಸಿಟ್ಟಿತ್ತು. ಈಗ ಇಲ್ಲ. ಬಾಣದ ಹಾಗೆ ಹೋಗುವ ದೋಣಿಗೆ ಗೊತ್ತಿದ್ದವರು ಮಾತ್ರ ಹತ್ತುತ್ತಾರೆ. ಹೆದರಿದವರ ಮೊದಲ ಹೆಜ್ಜೆ ನನಗೆ ಸಿಕ್ಕಿತು. ಇಷ್ಟು ಸಾಕಲ್ಲವೇ ಎಂದರೆ, ಸಾಕು. ಆದರೆ ನಾವು ಆ ದಿನ ಕಡವಿಗೆ ಬಂದು ಮುಟ್ಟಿದಾಗ ಆದದ್ದನ್ನು ಹೇಳದೆ ಬಿಟ್ಟರೆ ನನ್ನ ಕಥೆ ಅರ್ಧ.

ಜಟ್ಟಪ್ಪ ದಂಡೆಯಲ್ಲಿ ನಿಂತಿದ್ದ. ಮೂವರನ್ನೂ ಮೇಲಿನಿಂದ ಕೆಳಗೆ ನೋಡಿದ. ತಪ್ಪು ಹಿಡಿಯಲು ಏನೂ ಸಿಗಲಿಲ್ಲ.

"ಎಲ್ಲರನ್ನೂ ತಂದಿದ್ದೇನೆ, ಅಣ್ಣ," ಅಂದಳು ಶೇವಂತಿ.

"ಆಯ್ತಲ್ಲ. ಆಸೆ ತೀರ್ತಲ್ಲ. ಹುಟ್ಟು ಒಳಗಿಟ್ಟು ನಡಿ, ಅತ್ತಿಗೆ ಒಬ್ಳೇ ಒದ್ದಾಡ್ತಿದ್ದಾಳೆ."

"ಆಮೇಲೆ ನೀನೇ ನಡೆಸು ಅಂದಿದ್ದೀ. ಊರೆದುರು ಹೇಳಿದ್ದೀ."

"ಅಕ್ಕೋರು ಎದುರಿದ್ರು ಅಂತ ಹೇಳಿದ್ದು. ದಿನಾ ಹೊಳೆ ಮೇಲೆ ತಿರುಗೋ ಹೆಂಗಸನ್ನು ಮನೇಲಿ ಇಟ್ಕೊಳ್ಳೋದಕ್ಕೆ ನನಗಾಗೋದಿಲ್ಲ. ದೋಣಿ ನನ್ನದು."

ರಾಜೀವಿ ಬಾಯಿ ತೆರೆದಳು. ಅಕ್ಕೋರು ಅವಳ ತೋಳು ಹಿಡಿದರು.

ಶೇವಂತಿ ಸಿಟ್ಟು ಮಾಡಲಿಲ್ಲ. ನನಗೆ ಬಂದ ಸಿಟ್ಟಿನಲ್ಲಿ ಅರ್ಧದಷ್ಟೂ ಅವಳಿಗೆ ಬರಲಿಲ್ಲ. "ದೋಣಿ ನಿನ್ನದೇ, ಇಟ್ಕೋ," ಅಂದಳು. "ಹೊಳೆ ನಿನ್ನದಲ್ಲ."

ಬಗ್ಗಿ, ತೆಂಗಿನ ಚಿಪ್ಪಿನಿಂದ ನನ್ನೊಳಗಿನ ನೀರನ್ನೆಲ್ಲ ತೋಡಿ ಹಾಕಿದಳು. ಮೂಲೆಯಲ್ಲಿ ಉಳಿದದ್ದನ್ನು ಸೆರಗಿನಿಂದ ಒರೆಸಿದಳು. ರಾಜೀವಿಯನ್ನು ಕರೆದು, ಇಬ್ಬರೂ ಸೇರಿ ನನ್ನನ್ನು ನೆರಳಿಗೆ ಎಳೆದು ಬೋರಲು ಹಾಕಿದರು. ಹಾಲಿನ ಕ್ಯಾನಿನಿಂದ ತನ್ನ ಬಟ್ಟೆ ಗಂಟು ತೆಗೆದು ಬಗಲಲ್ಲಿ ಇಟ್ಟುಕೊಂಡಳು.

"ಎಲ್ಲಿಗೆ?" ಅಂದ ಜಟ್ಟಪ್ಪ. "ಮನೆ ಈ ಕಡೆ."

ಅವಳು ದಂಡೆ ಹಿಡಿದು ಹೊಳೆ ಬಂದ ದಿಕ್ಕಿಗೆ, ಬಾಗೂಬಾಯಿಯ ವಾಡೆಯ ಕಡೆಗೆ ನಡೆದಳು. ಹಸಿ ಮರಳಿನ ಮೇಲೆ ಮೊದಲು ಬೆರಳು, ಆಮೇಲೆ ಹಿಮ್ಮಡಿ. ಅವಸರವಿಲ್ಲ. ಬಿದಿರು ಮೆಳೆಯ ತಿರುವಿನಲ್ಲಿ ರಾಜೀವಿ ಹಂಡೆ ಬಡಿದು ಕೂಗಿದಳು. ಶೇವಂತಿ ತಿರುಗದೆಯೇ ಕೈ ಎತ್ತಿದಳು.

ಮತ್ತೆ ಅವಳು ಈ ಕಡವಿಗೆ ಬರಲಿಲ್ಲ.